ಹತ್ತು ಪರ್ಸೆಂಟ್ ತೋರಿಸಿದ ಲೈನು

“ಊಟ ಮಾಡ್ಕೊಂಡು ಹೋಗಿ, ಕೆಲಸ ಎಲ್ಲೂ ಓಡಿ ಹೋಗಲ್ಲ.” ನನ್ನ ಹೆಂಡತಿ ಆಡಿದ ಕೊನೆ ಮಾತು ಇಷ್ಟೇ.

ನಾನು ಇಂಟರ್‌ನೆಟ್ ಕೇಬಲ್ ಎಳೆಯೋನು. ಅವಳು ತೀರಿಕೊಂಡ ಮೇಲೆ ಮೊದಲ ಸಲ ಕೆಲಸಕ್ಕೆ ಹೋಗಿದ್ದು ಭದ್ರಾವತಿಯ ಒಂದು ಸ್ಕ್ಯಾನಿಂಗ್ ಸೆಂಟರಿಗೆ. ಅಲ್ಲಿಂದ ಶಿವಮೊಗ್ಗದ ಡಾಕ್ಟರಿಗೆ ಸ್ಕ್ಯಾನ್ ಚಿತ್ರಗಳು ಹೋಗ್ತಿರಲಿಲ್ಲ. ಬೆಂಚಿನ ಮೇಲೆ ಒಬ್ಬಾಕೆ ಹೊಟ್ಟೆ ಹಿಡ್ಕೊಂಡು ಕೂತಿದ್ಲು. ಅವಳ ಗಂಡ ನನ್ನ ಬೆನ್ನ ಹಿಂದೇ ನಿಂತಿದ್ದ.

“ಬೇಗ ಮಾಡಿ ಮಾರಾಯ್ರೇ, ಡಾಕ್ಟರು ಚಿತ್ರ ನೋಡದೆ ಏನೂ ಹೇಳಕ್ಕಾಗಲ್ವಂತೆ.”

ಶಿವಮೊಗ್ಗದಲ್ಲಿರೋ ನಮ್ಮ ಆಫೀಸಿಗೆ ಫೋನ್ ಮಾಡಿದೆ.

“ಅಣ್ಣಾ, ಅಲ್ಲಿ ರೂಟರಿಗೆ ವೈರ್ ಸಿಕ್ಕಿಸಿರೋ ಪೋರ್ಟು ಬರೀ ಹತ್ತು ಪರ್ಸೆಂಟ್ ತುಂಬಿದೆ, ಉಳಿದಿದ್ದು ಖಾಲಿ” ಅಂದ್ಲು ನಮ್ಮ ಇಂಜಿನಿಯರಮ್ಮ.

“ಖಾಲಿ ಇದ್ರೆ ಯಾಕಮ್ಮ ಹೋಗ್ತಿಲ್ಲ? ಇಲ್ಲಿ ಪೇಷೆಂಟ್ ನರಳ್ತಿದಾರೆ.”

ಕಂಪ್ಯೂಟರಲ್ಲಿ ಇನ್ನೊಂದು ಸಲ ನೋಡಿ ಹೇಳಿದ್ಲು: “ಅಯ್ಯೋ, ಲೆಕ್ಕ ತಪ್ಪಿದೆ. ಸೆಕೆಂಡಿಗೆ ಎಷ್ಟು ಡೇಟಾ ಹೋಯ್ತು ಅನ್ನೋದನ್ನ ಪೋರ್ಟಿನ ವೇಗದಿಂದ ಭಾಗಿಸಿದ್ರೆ ಈ ಪರ್ಸೆಂಟ್ ಬರುತ್ತೆ. ನಾವು ವೇಗ ಸಾವಿರ ಎಂಬಿಪಿಎಸ್ ಅಂತ ಹಾಕಿಟ್ಟಿದೀವಿ, ಪೋರ್ಟು ನೂರಕ್ಕೆ ಇಳಿದಿದೆ. ಅದು ಪೂರ್ತಿ ತುಂಬಿ ಕೂತಿದೆ ಅಣ್ಣಾ. ವೈರ್ ನೋಡಿ.”

ರೂಟರಿಗೆ ಹಾಕಿದ್ದ ವೈರಿನ ಒಂದು ಎಳೆ ತುಂಡಾಗಿತ್ತು. ಬೇರೆ ವೈರ್ ಹಾಕಿದೆ, ಚಿತ್ರಗಳು ಹೋದವು.

“ಡಾಕ್ಟರು ಏನಂದ್ರು?” ಅಂತ ಆ ಗಂಡ ನನ್ನನ್ನೇ ಕೇಳಿದ. ಚಿತ್ರ ಕಳಿಸೋದಷ್ಟೇ ನನ್ನ ಕೆಲಸ ಅಂತ ಹೇಳೋ ಬದಲು ಕೌಂಟರಿನ ಕಡೆ ಕೈ ತೋರಿಸಿದೆ.

ಮಾರನೇ ದಿನ ಬೆಳಿಗ್ಗೆ ಯಾರೂ ಕರೀದಿದ್ರೂ ಅಲ್ಲಿಗೆ ಹೋದೆ.

“ಲೈನ್ ಚೆನ್ನಾಗೇ ಇದೆಯಲ್ಲ, ಮತ್ಯಾಕ್ ಬಂದ್ರಿ?” ಅಂದ್ಲು ಕೌಂಟರಿನ ಹುಡುಗಿ.

“ಆ ಹೆಂಗಸು ಹೇಗಿದಾರೆ?”

“ಗಾಬರಿ ಬೀಳೋದೇನಿಲ್ವಂತೆ, ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ರು.”

ಬಂದಿದ್ದಕ್ಕೆ ಒಂದು ಕಾರಣ ಬೇಕಲ್ಲ, ರೂಟರಿನ ಧೂಳು ಒರೆಸಿ ಬಂದೆ.