ಕೌಬಾಯ್ ಚಿತ್ರದಲ್ಲಿ ಒಂದು ತುಳು ಮಾತು

ಲಾಸ್ ಏಂಜಲೀಸಿನ ಸ್ಟುಡಿಯೋದಲ್ಲಿ ಮೊದಲ ಬೆಳಿಗ್ಗೆ ಒಬ್ಬಾಕೆ ನನ್ನ ಕೆನ್ನೆಗೆ ಕೆಂಪು ಬಣ್ಣ ಬಳಿದು, ತಲೆಗೆ ಗರಿ ಸಿಕ್ಕಿಸಿ, "ನೀನು ಇಂಡಿಯನ್ ತಾನೇ?" ಎಂದಳು. ಹೌದೆಂದೆ. ಅಲ್ಲಿನ ಮೂಲನಿವಾಸಿಗಳನ್ನೂ ಹಾಗೆಯೇ ಕರೆಯುತ್ತಾರೆಂದು ತಿಳಿದದ್ದು ಕನ್ನಡಿ ನೋಡಿದ ಮೇಲೆ.

ನಾನು ಮಂಗಳೂರಿನ ಪಡೀಲಿನವನು. ಐವತ್ತರ ದಶಕದಲ್ಲಿ ಹಡಗಿನ ಅಡುಗೆಯವನಾಗಿ ಅಮೆರಿಕ ಸೇರಿದೆ. ಕೆಲಸ ಕೇಳಲು ಹೋದ ಸ್ಟುಡಿಯೋದಲ್ಲಿ ಕುದುರೆ ಸವಾರಿ ಬರುತ್ತದೆಯೇ ಎಂದಾಗ, ಗದ್ದೆಯಲ್ಲಿ ಕೋಣ ಓಡಿಸಿದ ಧೈರ್ಯದಿಂದ ತಲೆಯಾಡಿಸಿದೆ. ಆಮೇಲೆ ಹತ್ತು ವರ್ಷ ಕೌಬಾಯ್ ಚಿತ್ರಗಳಲ್ಲೂ ಟೆಲಿವಿಷನ್ನಿನಲ್ಲೂ ಗುಂಡು ತಿಂದು ಬೀಳುವುದೇ ನನ್ನ ಕೆಲಸ. ನಮ್ಮ ಕೆಸರಿನಲ್ಲಿ ಬಿದ್ದರೆ ಬಟ್ಟೆ ಕೆಡುತ್ತದೆ. ಅಲ್ಲಿನ ಒಣನೆಲದಲ್ಲಿ ಚರ್ಮವೇ ಕಿತ್ತು ಹೋಗುತ್ತದೆ.

ತಾಯಿಯಿಲ್ಲದ ನನ್ನನ್ನು ಸಾಕಿದ ಅಕ್ಕನಿಗೆ ಹೇಳದೆ ಹೋಗಿದ್ದೆ. ನನ್ನ ಒಂದು ಕಾಗದಕ್ಕೂ ಉತ್ತರ ಬರಲಿಲ್ಲ.

ಒಂದು ಚಿತ್ರದಲ್ಲಿ ನಿರ್ದೇಶಕ, "ಸಾಯುವ ಮುಂಚೆ ನಿಮ್ಮ ಭಾಷೆಯಲ್ಲಿ ಏನಾದರೂ ಹೇಳು" ಎಂದ. ನಾನು ವೇಷ ಹಾಕಿದ್ದ ಬುಡಕಟ್ಟಿನ ಮಾತು ನನಗೆಲ್ಲಿ ಬರಬೇಕು? ಬಾಯಿಗೆ ಬಂದದ್ದು ತುಳು: "ಅಕ್ಕ, ಯಾನ್ ಇತ್ತೆ ಬರ್ಪೆ." ಅಕ್ಕ, ನಾನು ಈಗ ಬರುತ್ತೇನೆ ಎಂದು. ನಿರ್ದೇಶಕನಿಗೆ ಅಷ್ಟು ಸಾಕಾಯಿತು. ಪಕ್ಕದಲ್ಲಿದ್ದ, ನಿಜಕ್ಕೂ ಆ ಬುಡಕಟ್ಟಿನವನಾದ ಮುದುಕ ಮಾತ್ರ ಮುಖ ತಿರುಗಿಸಿಕೊಂಡ. ಅವನ ಭಾಷೆಯಲ್ಲಿ ಹೇಳೆಂದು ಅವನನ್ನು ಯಾರೂ ಕೇಳಿರಲಿಲ್ಲ. ಆ ನಾಚಿಕೆ ನನ್ನನ್ನು ಬಿಟ್ಟಿಲ್ಲ.

ಎರಡು ವರ್ಷಗಳ ನಂತರ ಊರಿನಿಂದ ಕಾಗದ ಬಂತು. ಬರೆದವರು ಅಕ್ಕನ ನೆರೆಯ ಬಟ್ಟೆ ಅಂಗಡಿಯ ಅಬ್ಬು ಬ್ಯಾರಿ. "ನೀನು ಪರದೆಯಲ್ಲಿ ತುಳು ಮಾತಾಡ್ತಿ ಮಾರಾಯ. ನಿನ್ನ ಅಕ್ಕನನ್ನು ಥಿಯೇಟರಿಗೆ ಕರ್ಕೊಂಡು ಹೋದೆ. ಎಲ್ಲರೂ ನಗಾಡಿದರು, ಅವರು ನಗಲಿಲ್ಲ. ಬರ್ಲಿಕ್ಕೆ ಹೇಳು ಅಂತ ಹೇಳಿದ್ದಾರೆ."

ಬಜಪೆಯಲ್ಲಿ ವಿಮಾನ ಇಳಿದಾಗ ಅಕ್ಕ ಮೊದಲು ನೋಡಿದ್ದು ನನ್ನ ಮೊಣಕೈಯ ಕಲೆಗಳನ್ನು.

"ಅಲ್ಲಿ ಬಿದ್ದರೆ ಎಬ್ಬಿಸ್ಲಿಕ್ಕೆ ಯಾರುಂಟು?"

"ನಾನಿರುವ ಬಾಡಿಗೆ ಮನೆಯ ಒಡತಿ ಇದ್ದಾಳೆ. ಮೆಕ್ಸಿಕೋದವಳು. ಶಾಖ ಕೊಡ್ತಾಳೆ, ತೋರ್ತಿಯಾ ಅಂತ ಮೆಕ್ಕೆಜೋಳದ ರೊಟ್ಟಿ ಮಾಡಿ ಬಡಿಸ್ತಾಳೆ."

"ಅವಳಿಗೆ ಮಕ್ಕಳುಂಟಾ?"

"ಇಲ್ಲ."

ಇಲ್ಲೇ ಇರು ಎಂದು ಅಕ್ಕ ಒಮ್ಮೆಯೂ ಹೇಳಲಿಲ್ಲ, ಹೇಳಿದ್ದರೆ ಇರುತ್ತಿದ್ದೆನೇನೋ. ಹೊರಡುವ ದಿನ ತನ್ನದೊಂದು ಕೈಮಗ್ಗದ ಸೀರೆಯನ್ನು ಮಡಚಿ ನನ್ನ ಪೆಟ್ಟಿಗೆಯಲ್ಲಿಟ್ಟಳು. "ಇದು ಅವಳಿಗೆ. ನಿನ್ನ ಅಕ್ಕ ಕೊಟ್ಟದ್ದು ಅಂತ ಹೇಳು."

ಮನೆಯೊಡತಿಗೆ ಸೀರೆ ಉಡಲು ಬರುವುದಿಲ್ಲ. ಚಳಿಯಾದಾಗ ಹೊದ್ದುಕೊಳ್ಳುತ್ತಾಳೆ. ಹಾಗೆ ಹೊದ್ದು ಅವಳು ಬಾಗಿಲಲ್ಲಿ ನಿಂತಾಗ, ನಾನು ಮನೆಗೆ ಬರುತ್ತಿದ್ದೇನೋ, ಮನೆ ಬಿಟ್ಟು ಬಂದಿದ್ದೇನೋ, ಒಂದು ಕ್ಷಣ ತಿಳಿಯುವುದಿಲ್ಲ.