ಅವನ ಮೊಣಕಾಲುಗಳಿಗಾಗಿ ಒಂದು ಪ್ರಾರ್ಥನೆ

ಅಮೆರಿಕನ್ ಫುಟ್‌ಬಾಲಿನಲ್ಲಿ ಲೈನ್‌ಮನ್ ಆದವನು ಚೆಂಡು ಮುಟ್ಟುವುದೇ ಅಪರೂಪ. ಚೆಂಡು ಎಸೆಯುವವನ ಮುಂದೆ ಸಾಲಾಗಿ ನಿಂತು, ಅವನ ಮೇಲೆ ಎರಗುವವರನ್ನು ಮೈಯಿಂದಲೇ ತಡೆಯಬೇಕು. ಉಡುಪಿಯಿಂದ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿಗೆ ಬಂದ ಹೊಸತರಲ್ಲಿ ಶಾಲೆಯವರೆಲ್ಲ ನೋಡಿ ನಗುತ್ತಿದ್ದ ನನ್ನ ದಪ್ಪ ಮೈಗೆ ಬೆಲೆ ಬಂದದ್ದು ಬರ್ಮಿಂಗ್‌ಹ್ಯಾಮಿನ ಒಂದು ತಂಡದಲ್ಲಿ.

ಅಲ್ಲಿ ನನಗೊಬ್ಬ ಇಂಗ್ಲಿಷ್ ಗೆಳೆಯನಿದ್ದ. ನನ್ನಂಥವರನ್ನು ಒಡೆದು ನುಗ್ಗುವುದು ಅವನ ಕೆಲಸ. ಹಾಗಾಗಿ ಅಭ್ಯಾಸದಲ್ಲಿ ನಾವಿಬ್ಬರೂ ಎದುರುಬದುರು. ಭಾನುವಾರ ನನ್ನ ಕಾರಿನಲ್ಲೇ ಬರುತ್ತಿದ್ದ, ಸಂಜೆ ನಮ್ಮ ಮನೆಯಲ್ಲಿ ನೀರುದೋಸೆ, ಕೋಳಿಸಾರು ಉಂಡು ಹೋಗುತ್ತಿದ್ದ.

ಒಂದು ವಸಂತದಲ್ಲಿ ಜರ್ಮನಿಯ ಕ್ಲಬ್ಬೊಂದರ ಕೋಚ್ ನಮ್ಮನ್ನು ನೋಡಲು ಬರುತ್ತಾನೆಂದು ಸುದ್ದಿಯಾಯಿತು. ಅದು ಸಂಬಳ ಕೊಡುವ ಕ್ಲಬ್. ಅವರಿಗೆ ಬೇಕಿದ್ದದ್ದು ಸಾಲಿನಲ್ಲಿ ನಿಲ್ಲುವ ಒಬ್ಬನೇ ಒಬ್ಬ, ತಡೆಯುವವನಾದರೂ ಸರಿ, ನುಗ್ಗುವವನಾದರೂ ಸರಿ. ಕೋಚ್ ಬರುವ ಹಿಂದಿನ ವಾರ, ಅಭ್ಯಾಸದಲ್ಲಿ ಆಟ ನಿಲ್ಲಿಸುವ ಸೀಟಿ ಊದಿದ ಮೇಲೆ ನಾನು ನೆಟ್ಟಗೆ ನಿಂತು ಉಸಿರು ಬಿಡುತ್ತಿದ್ದಾಗ, ಗೆಳೆಯ ಪಕ್ಕದಿಂದ ಹಾರಿ ನನ್ನ ಎಡ ಮೊಣಕಾಲಿನ ಮೇಲೆ ಬಿದ್ದ. ಒಳಗೆ ಏನೋ ಹರಿದ ಸದ್ದು ನನಗೇ ಕೇಳಿಸಿತು. ಜರ್ಮನಿಗೆ ಅವನು ಹೋದ.

ಅಮ್ಮ ಡಾಕ್ಟರು. ಸ್ಕ್ಯಾನ್ ನೋಡಿ, "ಆಟ ಸಾಕು ಮಾರಾಯ" ಎಂದರು.

"ಅವ್ನು ಬೇಕಂತ್ಲೇ ಬಿದ್ದಿದ್ದಮ್ಮ."

ಅವರು ಸ್ಕ್ಯಾನ್ ಕೆಳಗಿಟ್ಟರು. "ನಮ್ಮನೇಲಿ ಊಟ ಮಾಡ್ತಿದ್ದವ್ನಾ?"

"ಹೌದು."

"ಹಾಗಾದ್ರೆ ಸರಿಯಾಗಿ ಗುಣ ಮಾಡ್ಕೋ. ಅರ್ಧಂಬರ್ಧ ಬೇಡ."

ಆಪರೇಷನ್ ಆಯಿತು. ಅಮ್ಮ ಆಸ್ಪತ್ರೆಯ ಪಾಳಿ ಬದಲಿಸಿಕೊಂಡು ನನ್ನನ್ನು ಫಿಸಿಯೊ ಬಳಿಗೆ ಕರೆದೊಯ್ಯುತ್ತಿದ್ದರು. ವಾರಾಂತ್ಯದಲ್ಲಿ ಟಿವಿಡೇಲಿನ ದೇವಸ್ಥಾನದಲ್ಲಿ ಬಾಲಾಜಿಯ ಮುಂದೆ ಅವರು ನನ್ನ ಕಾಲಿಗಾಗಿ ಕೈಮುಗಿದರೆ, ನಾನು ಗೆಳೆಯನ ಕಾಲುಗಳಿಗಾಗಿ ಬೇಡಿಕೊಳ್ಳುತ್ತಿದ್ದೆ. ನಾನು ಎದ್ದು ನಿಲ್ಲುವವರೆಗೆ ಅವನಿಗೆ ಏನೂ ಆಗದಿರಲಿ, ಬೇರೆ ಯಾರೂ ಅವನನ್ನು ಮುರಿಯದಿರಲಿ ಎಂದು.

ಜರ್ಮನಿಯವರು ಅವನನ್ನು ಒಂದೇ ಸೀಸನ್ ಆಡಿಸಿ ವಾಪಸ್ ಕಳಿಸಿಬಿಟ್ಟರು. ಅವನು ಮ್ಯಾಂಚೆಸ್ಟರಿನ ತಂಡವೊಂದಕ್ಕೆ ಸೇರಿದನೆಂದು ಕೇಳಿದ ದಿನ ನನಗೆ ನಿಜವಾಗಿಯೂ ಸಂತೋಷವಾಯಿತು. ಆ ತಂಡ ನಮ್ಮ ಲೀಗಿನಲ್ಲೇ ಇತ್ತು, ಅಷ್ಟರಲ್ಲಿ ನಾನೂ ಮೈದಾನಕ್ಕೆ ಮರಳಿದ್ದೆ.

ಸ್ಟಾಕ್‌ಪೋರ್ಟಿನ ಹತ್ತಿರದ ಮೈದಾನದಲ್ಲಿ ಕೊನೆಗೂ ಎದುರಾದೆವು. ಹೆಲ್ಮೆಟ್ಟಿನೊಳಗಿಂದ ನನ್ನ ಗುರುತು ಹಿಡಿದು, "ಕಾಲು ಹೇಗಿದೆ?" ಎಂದ. ನಾನು ಬಗ್ಗಿ ಕೈ ನೆಲಕ್ಕೂರಿದೆ. ಮೊದಲ ಡಿಕ್ಕಿಗೇ ಅವನನ್ನು ಅಂಗಾತ ಕೆಡವಿ ಮೇಲೆ ಬಿದ್ದೆ. ಮತ್ತೆ ಎದ್ದ, ಮತ್ತೆ ಕೆಡವಿದೆ. ಕೆಸರಿನಲ್ಲಿ ಅವನ ಮುಖ ಒತ್ತಿ ಏಳುವಾಗ ನಾನು ಅವಸರ ಮಾಡಲಿಲ್ಲ. ಒಮ್ಮೆ ಅವನು ಜಾರಿ ಬಿದ್ದು ಕಾಲು ಚಾಚಿಕೊಂಡ. ಮೊಣಕಾಲು ನನ್ನ ಮುಂದೆ ತೆರೆದು ಬಿದ್ದಿತ್ತು. ಮುಟ್ಟಲಿಲ್ಲ. ದಯೆಯಿಂದಲ್ಲ. ಕಾಲು ಮುರಿದಿದ್ದರೆ, ಗಾಯವಾಗಿ ಆಟ ಬಿಟ್ಟೆ ಎಂದು ಅವನು ಜೀವನವಿಡೀ ಹೇಳಿಕೊಂಡು ತಿರುಗುತ್ತಿದ್ದ. ಎರಡು ಗಟ್ಟಿ ಕಾಲುಗಳಿದ್ದೂ ನನ್ನೆದುರು ನಿಲ್ಲಲಾಗಲಿಲ್ಲವೆಂಬುದು ಅವನಿಗೆ ಉಳಿಯಬೇಕಿತ್ತು. ನಾಲ್ಕು ಭಾಗದ ಆಟದ ಮೂರನೆಯ ಭಾಗದಲ್ಲಿ ಅವನ ಕೋಚೇ ಅವನನ್ನು ಹೊರಗೆ ಕರೆದು ಬೆಂಚಿನಲ್ಲಿ ಕೂರಿಸಿದ.

ಆಟ ಮುಗಿದ ಮೇಲೆ ಕೈ ಚಾಚಿಕೊಂಡು ಬಂದ. "ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡ."

"ಇಟ್ಟುಕೊಂಡಿದ್ದೇನೆ," ಎಂದು ಹೇಳಿ ನಡೆದೆ.

ಅಮ್ಮ ಕಾರಿನ ಪಕ್ಕ ಕೊಡೆ ಹಿಡಿದು ನಿಂತಿದ್ದರು. "ಚೆಂಡು ಎಲ್ಲಿ ಹೋಯ್ತು ಅಂತ್ಲೇ ಗೊತ್ತಾಗ್ಲಿಲ್ಲ. ನಾನು ನಿಮ್ಮಿಬ್ಬರನ್ನೇ ನೋಡ್ತಿದ್ದೆ," ಎಂದರು. ಆಮೇಲೆ ಮೆಲ್ಲಗೆ, "ಚೆನ್ನಾಗಿತ್ತು," ಎಂದರು.

ಆ ಆಟದ ವಿಡಿಯೊ ನೋಡಿ ಅದೇ ಜರ್ಮನ್ ಕ್ಲಬ್ ನನ್ನನ್ನು ಕರೆಸಿಕೊಂಡಿತು. ಎರಡು ಸೀಸನ್ ಸಂಬಳಕ್ಕೆ ಆಡಿದೆ. ಎರಡನೆಯದರ ಆರಂಭದಲ್ಲಿ, ಹೊಸದಾಗಿ ಬಂದಿದ್ದ ಕೋಚ್ ನನ್ನನ್ನು ಪಕ್ಕಕ್ಕೆ ಕರೆದ. ಗೆಳೆಯ ಮತ್ತೆ ಬರುತ್ತೇನೆಂದು ಕೇಳಿದ್ದನಂತೆ. "ನೀವಿಬ್ಬರೂ ಮೊದಲು ಒಂದೇ ತಂಡದಲ್ಲಿದ್ದವರಲ್ಲವೇ? ಮನುಷ್ಯ ಹೇಗೆ?"

"ಅಭ್ಯಾಸದಲ್ಲಿ ತನ್ನವರ ಮೊಣಕಾಲಿನ ಮೇಲೇ ಬೀಳುತ್ತಾನೆ," ಎಂದೆ. ಸುಳ್ಳು ಒಂದಕ್ಷರವೂ ಇರಲಿಲ್ಲ.

ಹಾಗಾದರೆ ಅವನು ಬೇಡವೆಂದು ಕೋಚ್ ತಲೆಯಾಡಿಸಿದ. ನಾನು ಹೆಲ್ಮೆಟ್ ಹಾಕಿಕೊಂಡು ಸಾಲಿಗೆ ಹೋಗಿ ನಿಂತೆ. ಅಂದು ಅಭ್ಯಾಸ ಬಹಳ ಚೆನ್ನಾಗಿ ನಡೆಯಿತು.