ಅಕ್ಕಿ ಉಗುಳಿದ ತಜ್ಞೆ

ಗೆಳೆಯರೇ, ಮಾನ್ವಿಯ ನನ್ನ ಅಕ್ಕಿ ಅಂಗಡಿಯಲ್ಲಿ ಇವತ್ತು ಬೆಳಿಗ್ಗೆ ಶೂಟಿಂಗ್. ರಾಯಚೂರಿನಿಂದ ಬಂದ ವಿಡಿಯೋದವನು ನನಗೆ ಸೀರೆಯ ಮೇಲೆ ಕರಿ ಕೋಟು ಹಾಕಿಸಿ, ಕೈಗೆ ಲ್ಯಾಪ್‌ಟಾಪ್ ಕೊಟ್ಟು, "ನಾನು ಅಕ್ಕಿ ತಜ್ಞೆ" ಎಂದು ನಗುನಗುತ್ತಾ ಹೇಳಿಸುತ್ತಿದ್ದ. ನನಗೆ ಬೆವರು, ಅವನಿಗೆ ಖುಷಿ.

ಅಷ್ಟರಲ್ಲಿ ದೇವದುರ್ಗದ ಕಡೆಯ ರೈತರೊಬ್ಬರು ಬಂದು ಬಾಗಿಲ ಬಳಿ ಇಟ್ಟಿದ್ದ ನಮ್ಮ ಅಕ್ಕಿ ಚೀಲ ತೋರಿಸಿದರು. "ಯವ್ವಾ, ಮಗಳ ಮದ್ವಿಗೆ ಈ ಅಕ್ಕಿ ನಡೀತದೇನ್ರಿ?"

ನನಗೆ ಕ್ಯಾಮೆರಾ ಮರೆತೇಹೋಯಿತು. ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದೆ. ಕಟಕ್ ಎಂದು ಸದ್ದಾಗಲಿಲ್ಲ, ಮೆತ್ತಗೆ ಮುರಿಯಿತು. ಥೂ ಎಂದು ಉಗುಳಿದೆ.

"ಬ್ಯಾಡ ಯಪ್ಪಾ, ಇದು ಹೊಸ ಅಕ್ಕಿ. ಅನ್ನ ಮುದ್ದಿ ಆಗ್ತದ, ಬೀಗರು ಆಡ್ಕೋತಾರ. ಒಳಗ ಹಳೇದು ಅದ, ಅದನ್ನ ಒಯ್ರಿ."

ವಿಡಿಯೋದವನು ತಲೆ ಹಿಡಿದುಕೊಂಡ. "ನಿಮ್ಮ ಮಾಲು ನೀವೇ ಬ್ಯಾಡ ಅಂದ್ರ ಬ್ರ್ಯಾಂಡ್ ಹೆಂಗ ಬೆಳೀತದ್ರಿ ಮೇಡಂ? ಆ ಉಗುಳೋದು ತೆಗೆದು ಹಾಕ್ತೀನ್ರಿ."

"ಕೋಟು ತೆಗೀತೀನಿ ತಗೋಪಾ. ಉಗುಳೋದು ಇರ್ಲಿ," ಎಂದೆ.

ಮಧ್ಯಾಹ್ನ ಅದೇ ವಿಡಿಯೋ ಹಾಕಿದೆವು. ಸಂಜೆ ಹೊತ್ತಿಗೆ ಪೋತ್ನಾಳದಿಂದಲೂ ಜನ ಬಂದರು. "ಅಕ್ಕಿ ಕಡಿಯೋ ಅಕ್ಕಾರು ನೀವೇ ಏನ್ರಿ? ನಮಗೂ ಕಡಿದು ನೋಡಿ ಕೊಡ್ರಿ" ಎಂದು ಕೌಂಟರ್ ಮುಂದೆ ಸಾಲುಗಟ್ಟಿದರು. ದವಡೆ ನೋಯುತ್ತಿದೆ, ಆದರೆ ತಜ್ಞೆ ಎಂದು ನಾನು ಆಮೇಲೆ ಒಮ್ಮೆಯೂ ಹೇಳಿಕೊಳ್ಳಬೇಕಾಗಲಿಲ್ಲ.

ಈಗಷ್ಟೇ ಎದುರಂಗಡಿಯ ಸಾಹುಕಾರರೂ ಫೋನ್‌ನಲ್ಲಿ ವಿಡಿಯೋ ಆನ್ ಮಾಡಿ ಕೂತು ತಮ್ಮ ಅಂಗಡಿಯ ಅಕ್ಕಿ ಬಾಯಿಗೆ ಹಾಕಿಕೊಂಡರು. ಅಗಿದರು, ಭಾರೀ ಚಲೋ ಅದ ಎಂದರು, ನುಂಗಿದರು. ಮತ್ತೊಂದು ಚೀಲದ್ದು ಹಾಕಿಕೊಂಡರು, ಅದನ್ನೂ ನುಂಗಿದರು.

ಉಗುಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.